ಗಂಟಲಿಗೆ ಇಳಿಯುವ ಕಫ: ಚೀಟಿಯಿಲ್ಲದ ಔಷಧಿಗಳಲ್ಲಿ ಯಾವುದು ಯಾರಿಗೆ?

ಪ್ರಶ್ನೆ: ನನಗೆ 42 ವರ್ಷ. ನಾಲ್ಕೈದು ತಿಂಗಳಿಂದ ಮೂಗಿನ ಹಿಂಭಾಗದಿಂದ ಗಂಟಲಿಗೆ ಕಫ ಇಳಿಯುತ್ತಲೇ ಇದೆ. ಬೆಳಗ್ಗೆ ಕ್ಯಾಕರಿಸದೆ ಮಾತು ಹೊರಡುವುದಿಲ್ಲ, ರಾತ್ರಿ ಮಲಗಿದೊಡನೆ ಕೆಮ್ಮು. ಸೆಟಿರಿಜಿನ್ ಮಾತ್ರೆ, ಕೆಮ್ಮಿನ ಸಿರಪ್, ಮೂಗು ಬಿಡಿಸುವ ಹನಿ ಎಲ್ಲವೂ ಆಯಿತು. ವೈದ್ಯರ ಚೀಟಿಯಿಲ್ಲದೆ ಕೊಳ್ಳಬಹುದಾದ ಬೇರೆ ಔಷಧಿ ಇದೆಯೇ?

ಉತ್ತರ: ಆರೋಗ್ಯವಂತರ ಮೂಗು ಮತ್ತು ಸೈನಸ್‌ಗಳ ಒಳಪೊರೆಯೂ ದಿನಕ್ಕೆ ಸುಮಾರು 1 ಲೀಟರಿನಷ್ಟು ಸಿಂಬಳವನ್ನು ಸ್ರವಿಸುತ್ತದೆ, ಮತ್ತು ಅದರ ಬಹುಪಾಲು ನಮ್ಮ ಅರಿವಿಗೆ ಬಾರದೆಯೇ ಹೊಟ್ಟೆ ಸೇರುತ್ತದೆ. ಅದರ ಪ್ರಮಾಣ ಹೆಚ್ಚಿದಾಗ, ಇಲ್ಲವೇ ಪ್ರಮಾಣ ಅಷ್ಟೇ ಇದ್ದು ಅಂಟಂಟಾದಾಗ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಅನ್ನಿಸುತ್ತದೆ. ನೀರಿನಂತೆ ಇಳಿಯುವುದನ್ನು ಒಣಗಿಸಬೇಕು, ಗಟ್ಟಿಯಾದುದನ್ನು ತೆಳುವಾಗಿಸಬೇಕು. ಒಂದಕ್ಕೆ ಒಗ್ಗುವ ಔಷಧಿ ಇನ್ನೊಂದನ್ನು ಕೆಡಿಸೀತು. ನೀವು ಬಳಸಿದ ಮೂರೂ ಕೈಕೊಟ್ಟಿದ್ದು ಇದೇ ಕಾರಣಕ್ಕೆ ಇರಬಹುದು. ಸೆಟಿರಿಜಿನ್ ಕೆಲಸ ಮಾಡುವುದು ಅಲರ್ಜಿಯ ಸೀನು, ತುರಿಕೆ, ನೀರುಮೂಗಿನ ಮೇಲೆ. ಸಿರಪ್ಪು ಕೆಮ್ಮನ್ನು ಹತ್ತಿಕ್ಕಲು ನೋಡುತ್ತದೆಯೇ ಹೊರತು ಅದರ ಮೂಲವಾದ ಮೂಗಿನ ಗೊಡವೆಗೆ ಹೋಗುವುದಿಲ್ಲ. ಹನಿ ಊತ ಇಳಿಸಿ ಉಸಿರಾಟಕ್ಕೆ ದಾರಿ ಬಿಡಿಸುತ್ತದೆ, ಸ್ರಾವವನ್ನು ನಿಲ್ಲಿಸುವುದಿಲ್ಲ.

ಮೊದಲು ಮಾಡಬೇಕಾದದ್ದು, ಮತ್ತು ಜನ ಅತಿ ಹೆಚ್ಚು ಉಪೇಕ್ಷಿಸುವುದು, ಉಪ್ಪುನೀರಿನಿಂದ ಮೂಗು ತೊಳೆಯುವುದು. ಇದಕ್ಕೆಂದೇ ಪ್ಯಾಕೆಟ್ಟು ಮತ್ತು ಹಿಂಡುವ ಬಾಟಲಿ ಸಿಗುತ್ತವೆ. ನೀವೇ ತಯಾರಿಸುವುದಾದರೆ ಅಯೋಡಿನ್ ಬೆರೆಸದ ಉಪ್ಪನ್ನು 1 ಲೀಟರ್ ನೀರಿಗೆ 9 ಗ್ರಾಮಿನ ಲೆಕ್ಕದಲ್ಲಿ ಕರಗಿಸಿ. ನೀರು ಮಾತ್ರ ಕುದಿಸಿ ಆರಿಸಿದ್ದು ಅಥವಾ ಡಿಸ್ಟಿಲ್ಡ್ ಆಗಿರಲೇಬೇಕು. ನಲ್ಲಿ ನೀರಿನಲ್ಲಿ ಅಪರೂಪಕ್ಕೆ ಇರಬಹುದಾದ ನೇಗ್ಲೇರಿಯಾ ಫೌಲೆರಿ ಎಂಬ ಅಮೀಬಾ ಕುಡಿದರೆ ತೊಂದರೆ ಕೊಡದು, ಆದರೆ ಮೂಗಿನ ಮೂಲಕ ಮಿದುಳನ್ನು ತಲುಪಿದರೆ ಬದುಕುಳಿಯುವವರು ವಿರಳ. ಸಿಂಕಿನ ಮೇಲೆ ಬಾಗಿ, ತಲೆಯನ್ನು ಪಕ್ಕಕ್ಕೆ ವಾಲಿಸಿ, ಬಾಯಿಂದ ಉಸಿರಾಡುತ್ತ ಮೇಲಿನ ಹೊಳ್ಳೆಗೆ ನೀರು ಬಿಟ್ಟರೆ ಅದು ಕೆಳಗಿನ ಹೊಳ್ಳೆಯಿಂದ ಹೊರಬರುತ್ತದೆ. ಕಫ ಗಟ್ಟಿಯಾಗಿರಲಿ, ತೆಳುವಾಗಿರಲಿ, ಇದು ಎರಡಕ್ಕೂ ಆಗುತ್ತದೆ.

ಎರಡನೆಯದು ಫ್ಲುಟಿಕಾಸೋನ್, ಮೊಮೆಟಾಸೋನ್, ಬುಡೆಸೊನೈಡ್ ಮುಂತಾದ ಸ್ಟೀರಾಯ್ಡ್ ಸ್ಪ್ರೇ. ಕೆಲವು ದೇಶಗಳಲ್ಲಿ ಇವು ಚೀಟಿಯಿಲ್ಲದೆ ಸಿಗುತ್ತವೆ, ಕೆಲವೆಡೆ ಚೀಟಿ ಬೇಕು. ಸ್ಟೀರಾಯ್ಡ್ ಎಂದೊಡನೆ ಹಲವರು ಹಿಂಜರಿಯುತ್ತಾರೆ. ಆದರೆ ಇಲ್ಲಿ ರಕ್ತಕ್ಕೆ ಸೇರುವ ಪಾಲು ಬಹಳ ಕಡಿಮೆ. ನಿಜವಾದ ತೊಡಕು ಬಳಸುವ ಕ್ರಮದಲ್ಲಿದೆ. ಗಲ್ಲವನ್ನು ಸ್ವಲ್ಪ ತಗ್ಗಿಸಿ, ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ, ತುದಿಯು ಅದೇ ಬದಿಯ ಕಣ್ಣಿನ ಹೊರಮೂಲೆಯ ಕಡೆ ತಿರುಗಿರುವಂತೆ ಸಿಂಪಡಿಸಬೇಕು. ನಡುಗೋಡೆಗೆ ನೇರವಾಗಿ ಬಿದ್ದರೆ ರಕ್ತ ಒಸರಬಹುದು. ಜೋರಾಗಿ ಎಳೆದುಕೊಳ್ಳಬಾರದು, ಔಷಧಿಯ ರುಚಿ ಗಂಟಲಿಗೆ ಬಂತೆಂದರೆ ಅದು ಮೂಗಿನಲ್ಲಿ ನಿಲ್ಲಲಿಲ್ಲವೆಂದೇ ಅರ್ಥ. ಮೂಗು ತೊಳೆಯುವುದು ಇದಕ್ಕೆ ಮುಂಚೆ ಆಗಲಿ, ನಂತರ ತೊಳೆದರೆ ಹಾಕಿದ್ದೆಲ್ಲ ಸಿಂಕಿಗೆ. ದಿನವೂ ತಪ್ಪದೆ ಬಳಸಿದರೂ ಪೂರ್ಣ ಪರಿಣಾಮಕ್ಕೆ 2 ವಾರ ಹಿಡಿಯಬಹುದು. ನಾಲ್ಕನೆಯ ದಿನಕ್ಕೆ ಕೈಬಿಟ್ಟು ‘ಉಪಯೋಗವಿಲ್ಲ’ ಎನ್ನುವವರೇ ಹೆಚ್ಚು.

ಸ್ರಾವ ನೀರಿನಂತಿದ್ದು ಅಲರ್ಜಿಯ ಲಕ್ಷಣಗಳಿಲ್ಲದಿದ್ದರೆ ಕ್ಲೋರ್‌ಫೆನಿರಮೈನ್‌ನಂತಹ ಹಳೆಯ ಅಲರ್ಜಿ ಮಾತ್ರೆಗಳು ಸೆಟಿರಿಜಿನ್‌ನಂತಹ ಹೊಸವಕ್ಕಿಂತ ಮೇಲಾಗುವುದುಂಟು, ಏಕೆಂದರೆ ಬಾಯಿ ಒಣಗಿಸುವ ಅವುಗಳ ಅಡ್ಡಪರಿಣಾಮವೇ ಇಲ್ಲಿ ಪ್ರಯೋಜನಕ್ಕೆ ಬರುತ್ತದೆ. ನಿದ್ದೆ ಬರಿಸುವುದರಿಂದ ರಾತ್ರಿ ಮಾತ್ರ ತೆಗೆದುಕೊಳ್ಳಿ. ಗ್ಲಾಕೋಮಾ (ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡ ಹೆಚ್ಚುವ ಕಾಯಿಲೆ) ಅಥವಾ ಪ್ರಾಸ್ಟೇಟ್ ತೊಂದರೆ ಇದ್ದವರಿಗೂ ವಯಸ್ಸಾದವರಿಗೂ ಇದು ಸಲ್ಲದು, ಕಫ ಗಟ್ಟಿಯಾಗಿರುವವರಿಗಂತೂ ಬೇಡವೇ ಬೇಡ. ನೆಗಡಿ ಮಾತ್ರೆಯ ಘಟಕಗಳ ಪಟ್ಟಿಯಲ್ಲಿ ಫಿನೈಲ್‌ಎಫ್ರಿನ್ ಇದೆಯೇ ನೋಡಿ. ನುಂಗುವ ರೂಪದಲ್ಲಿ ಅದು ಮೂಗುಕಟ್ಟಿಗೆ ಪರಿಣಾಮಕಾರಿಯಲ್ಲ ಎಂದು ಅಮೆರಿಕದ ಔಷಧಿ ನಿಯಂತ್ರಕರ ಸಲಹಾ ಸಮಿತಿಯೇ 2023ರಲ್ಲಿ ಹೇಳಿದೆ. ಕಫ ತೆಳುವಾಗಿಸುವ ಗ್ವಾಯಿಫೆನೆಸಿನ್‌ಗೆ ಇರುವ ಪುರಾವೆಯೂ ಅಷ್ಟಕ್ಕಷ್ಟೇ.

ಕ್ಯಾಕರಿಸುವುದನ್ನು ಮಾತ್ರ ಇಂದೇ ಬಿಡಿ. ಪ್ರತಿ ಸಲ ಧ್ವನಿತಂತುಗಳು ಒಂದಕ್ಕೊಂದು ಬಡಿದು ಇನ್ನಷ್ಟು ಕೆರಳುತ್ತವೆ, ಮತ್ತೆ ಕ್ಯಾಕರಿಸಬೇಕೆನಿಸುತ್ತದೆ. ಬದಲಿಗೆ ಒಂದು ಗುಟುಕು ನೀರು ಕುಡಿಯಿರಿ.

ಇಷ್ಟು ಹೇಳಿದ ಮೇಲೂ, 8 ವಾರ ಮೀರಿದ ಕೆಮ್ಮನ್ನು ವೈದ್ಯರಿಗೆ ತೋರಿಸದೆ ಬಿಡಬಾರದು. ರಕ್ತದೊತ್ತಡಕ್ಕೆ ಎನಾಲಪ್ರಿಲ್, ರಾಮಿಪ್ರಿಲ್ ಬಗೆಯ ಮಾತ್ರೆ ನುಂಗುತ್ತಿದ್ದರೆ ಹೇಳಿ; ಕೆಮ್ಮಿಗೆ ಅದೇ ಕಾರಣವಿರಬಹುದು. ಕಫದಲ್ಲಿ ರಕ್ತ, ಒಂದೇ ಹೊಳ್ಳೆಯಿಂದ ದುರ್ವಾಸನೆಯ ಸ್ರಾವ, ನುಂಗಲು ಕಷ್ಟ, ತೂಕ ಇಳಿಕೆ, ತಲೆಗೆ ಪೆಟ್ಟಾದ ಮೇಲೆ ಮೂಗಿನಿಂದ ತಿಳಿನೀರು, ಇವುಗಳಲ್ಲಿ ಯಾವುದಿದ್ದರೂ ತಡಮಾಡಬೇಡಿ.

ಪ್ರಶ್ನೆ: ಮೂಗಿಗೆ ಹಾಕುವ ಆಕ್ಸಿಮೆಟಾಜೋಲಿನ್ ಹನಿಯನ್ನು ಎರಡು ತಿಂಗಳಿಂದ ಬಿಡಲಾಗುತ್ತಿಲ್ಲ. ಬಿಟ್ಟರೆ ಉಸಿರಾಡಲು ಆಗುವುದಿಲ್ಲ. ಏನು ಮಾಡಲಿ?

ಉತ್ತರ: ಈಗ ಮೂಗು ಕಟ್ಟಿಸುತ್ತಿರುವುದು ಆ ಹನಿಯೇ. 3 ದಿನ ಮೀರಿ ಬಳಸುತ್ತ ಹೋದರೆ ಅದರ ಪ್ರಭಾವ ಇಳಿದೊಡನೆ ಒಳಪೊರೆ ಮೊದಲಿಗಿಂತ ಹೆಚ್ಚು ಊದಿಕೊಳ್ಳುತ್ತದೆ. ಎರಡೂ ಕಡೆ ಒಮ್ಮೆಲೇ ನಿಲ್ಲಿಸಲು ಆಗದಿದ್ದರೆ ಮೊದಲು ಒಂದು ಹೊಳ್ಳೆಗೆ ನಿಲ್ಲಿಸಿ, ಅದು ತೆರೆದ ಮೇಲೆ ಇನ್ನೊಂದಕ್ಕೆ. ಜೊತೆಗೆ ಉಪ್ಪುನೀರು, ಸ್ಟೀರಾಯ್ಡ್ ಸ್ಪ್ರೇ ಇರಲಿ. ಮೊದಲ ಕೆಲವು ರಾತ್ರಿಗಳು ಕಷ್ಟವೇ.

ಪ್ರಶ್ನೆ: ನನಗೆ ಸೀನಿಲ್ಲ, ಮೂಗು ಕಟ್ಟುವುದಿಲ್ಲ, ಆದರೂ ಗಂಟಲಲ್ಲಿ ಸದಾ ಕಫ ಇದ್ದಂತೆ. ಏಕೆ?

ಉತ್ತರ: ಹೊಟ್ಟೆಯ ಆಮ್ಲ ಗಂಟಲವರೆಗೆ ಏರುತ್ತಿರಬಹುದು, ಎದೆಯುರಿ ಇಲ್ಲದೆಯೂ ಇದು ಆಗುವುದುಂಟು. ಮಲಗುವ 3 ಗಂಟೆ ಮೊದಲೇ ಊಟ ಮುಗಿಸಿ. ಆಲ್ಜಿನೇಟ್ ಇರುವ ದ್ರವ ಔಷಧಿಯನ್ನು ಊಟದ ನಂತರ ಮತ್ತು ಮಲಗುವಾಗ ಕುಡಿದು ನೋಡಬಹುದು. ಮಂಚದ ತಲೆಭಾಗದ ಕಾಲುಗಳ ಕೆಳಗೆ 15ರಿಂದ 20 ಸೆಂಟಿಮೀಟರ್ ಎತ್ತರದ ದಿಮ್ಮಿ ಇಡಿ. ದಿಂಬಿನ ಮೇಲೆ ದಿಂಬು ಪೇರಿಸಿದರೆ ಸೊಂಟ ಮಡಚಿ ಹೊಟ್ಟೆ ಒತ್ತಿ ಆಮ್ಲ ಇನ್ನಷ್ಟು ಮೇಲೇರುತ್ತದೆ.