ಟೈಟಾನಿಯಂ ಚಾಕು: ಹಿಡಿಗೆ ಒಳ್ಳೆಯದು, ಅಲಗಿಗೆ ಬೇಡ

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮ ಅಡಿಕೆ ತೋಟ ಇದೆ. ಜೇಬಿನಲ್ಲಿ ಯಾವಾಗಲೂ ಒಂದು ಮಡಚುವ ಚಾಕು ಇರಲೇಬೇಕು. ಗೊಬ್ಬರದ ಚೀಲ, ಡ್ರಿಪ್ ಪೈಪು, ಬಾಳೆಗೊನೆಯ ಹಗ್ಗ ಎಲ್ಲದಕ್ಕೂ ಅದೇ. ಮಳೆಗಾಲದಲ್ಲಿ ತುಕ್ಕು ಹಿಡಿದು ಸಾಕಾಗಿದೆ. ಆನ್‌ಲೈನ್‌ನಲ್ಲಿ 'ಟೈಟಾನಿಯಂ ಚಾಕು' 700 ರೂಪಾಯಿಗೂ ಸಿಗುತ್ತೆ, 7,000ಕ್ಕೂ ಸಿಗುತ್ತೆ. ಫೋಟೊದಲ್ಲಿ ಎರಡೂ ಒಂದೇ ಥರ. ಕಡಿಮೆ ಬೆಲೆಯದ್ದು ತಗೊಂಡರೆ ಮೋಸ ಹೋದ ಹಾಗಾ?

ಉತ್ತರ: ನಿಮ್ಮ ತೊಂದರೆ ತುಕ್ಕು. ತುಕ್ಕು ಹಿಡಿಯುವುದು ಅಲಗಿಗೆ. ಒಳ್ಳೆಯ ಟೈಟಾನಿಯಂ ಚಾಕುಗಳಲ್ಲಿ ಟೈಟಾನಿಯಂ ಇರುವುದು ಹಿಡಿಯಲ್ಲಿ, ಅಲಗು ಉಕ್ಕಿನದ್ದೇ. ಹಾಗಾಗಿ ಹಿಡಿ ಬದಲಾಯಿಸಿದ ಮಾತ್ರಕ್ಕೆ ನಿಮ್ಮ ಸಮಸ್ಯೆ ತೀರುವುದಿಲ್ಲ.

ಅಲಗನ್ನೇ ಟೈಟಾನಿಯಂನಲ್ಲಿ ಮಾಡಬಾರದಾ ಅಂತ ಕೇಳಬಹುದು. ಮಾಡಬಹುದು, ತುಕ್ಕೂ ಹಿಡಿಯುವುದಿಲ್ಲ. ಆದರೆ ಹರಿತ ನಿಲ್ಲುವುದಿಲ್ಲ. ಲೋಹದ ಗಡಸುತನ ಅಳೆಯುವ ರಾಕ್‌ವೆಲ್ ಅಳತೆಯಲ್ಲಿ ಒಳ್ಳೆಯ ಚಾಕುವಿನ ಉಕ್ಕು 58ರಿಂದ 60ರ ಆಸುಪಾಸು ಇರುತ್ತದೆ. ಸಾಮಾನ್ಯವಾಗಿ ಬಳಸುವ ಟೈಟಾನಿಯಂ 36ರ ಹತ್ತಿರ ನಿಲ್ಲುತ್ತದೆ. ನಾಲ್ಕು ಗೊಬ್ಬರದ ಚೀಲ ಕೊಯ್ಯುವಷ್ಟರಲ್ಲಿ ಮೊಂಡಾಗುತ್ತದೆ. ಸಮುದ್ರದಲ್ಲಿ ಡೈವಿಂಗ್ ಮಾಡುವವರಿಗೆ, ಅಯಸ್ಕಾಂತಕ್ಕೆ ಅಂಟಬಾರದ ಕೆಲಸಗಳಿಗೆ ಅಂಥ ಅಲಗು ಬೇಕಾಗುತ್ತದೆ. ತೋಟಕ್ಕೆ ಬೇಡ.

ಇನ್ನು 700 ರೂಪಾಯಿಯದ್ದು. ಆ ಬೆಲೆಗೆ ಸಿಗುವ ಹೆಚ್ಚಿನವುಗಳಲ್ಲಿ ಹಿಡಿಯೂ ಟೈಟಾನಿಯಂ ಅಲ್ಲ, ಅಲಗೂ ಅಲ್ಲ. ಸಾಧಾರಣ ಸ್ಟೀಲಿನ ಮೇಲೆ ಟೈಟಾನಿಯಂ ನೈಟ್ರೈಡ್‌ನ ತೆಳು ಲೇಪ ಇರುತ್ತದೆ. ಚಿನ್ನದ ಬಣ್ಣ ಕಂಡರೆ ಸಾಮಾನ್ಯವಾಗಿ ಅದೇ. ಇನ್ನು ಕೆಲವದರಲ್ಲಿ ಬರೀ ಬೂದು ಬಣ್ಣ. ವಿವರದಲ್ಲಿ 'ಟೈಟಾನಿಯಂ ಕೋಟೆಡ್', 'ಟೈಟಾನಿಯಂ ಫಿನಿಶ್' ಅಂತ ಇದ್ದರೆ ಅಲ್ಲಿಗೇ ಬಿಡಿ. ನಿಜವಾದದ್ದಕ್ಕೆ 'ಗ್ರೇಡ್ 5', 'ಟಿಸಿ4' ಅಥವಾ '6ಎಎಲ್4ವಿ' ಅಂತ ಬರೆದಿರುತ್ತಾರೆ. ಮೂರೂ ಒಂದೇ: ಟೈಟಾನಿಯಂಗೆ 6% ಅಲ್ಯೂಮಿನಿಯಂ, 4% ವನೇಡಿಯಂ ಬೆರೆಸಿದ ಮಿಶ್ರಲೋಹ.

ಬರೆದಿದ್ದನ್ನು ನಂಬುವುದು ಹೇಗೆ? ಅಯಸ್ಕಾಂತ ಹಿಡಿದು ನೋಡಿದರೆ ಸಾಲದು. ಅಲ್ಯೂಮಿನಿಯಂಗೂ ಅದು ಅಂಟುವುದಿಲ್ಲ, ಕೆಲವು ಸ್ಟೀಲಿಗೂ ಅಂಟುವುದಿಲ್ಲ. ನಾನು ಮಾಡುವುದು ನೀರಿನ ಪರೀಕ್ಷೆ. ಸ್ಕ್ರೂ ಬಿಚ್ಚಿ ಹಿಡಿಯ ಒಂದು ಬದಿಯ ಪಟ್ಟಿಯನ್ನು ಬೇರೆ ಮಾಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಆಮೇಲೆ ಒಂದು ಲೋಟ ನೀರನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. ಪಟ್ಟಿಯನ್ನು ದಾರದಲ್ಲಿ ಕಟ್ಟಿ ನೀರೊಳಗೆ ಇಳಿಬಿಡಿ. ತಳಕ್ಕೂ ಅಂಚಿಗೂ ತಾಗಬಾರದು. ಈಗ ತಕ್ಕಡಿ ತೋರಿಸುವ ಅಂಕಿಯಿಂದ ಮೊದಲಿನ ತೂಕವನ್ನು ಭಾಗಿಸಿ. ಹೋದ ತಿಂಗಳು ನನ್ನ ಕೈಗೆ ಬಂದ ಒಂದು ಪಟ್ಟಿ 31 ಗ್ರಾಂ ಇತ್ತು. ನೀರಿಗಿಳಿಸಿದಾಗ ತಕ್ಕಡಿ 7 ತೋರಿಸಿತು. ಭಾಗಿಸಿದರೆ 4.4. ಅದು ಟೈಟಾನಿಯಂ. 7.8ರ ಹತ್ತಿರ ಬಂದರೆ ಉಕ್ಕು, 2.7 ಬಂದರೆ ಅಲ್ಯೂಮಿನಿಯಂ.

ಟೈಟಾನಿಯಂ ಅಪರೂಪದ ಲೋಹವೇನಲ್ಲ. ಕೇರಳದ ಚವರ ಕಡಲತೀರದ ಕಪ್ಪು ಮರಳಿನಲ್ಲೇ ಅದರ ಅದಿರು ಇದೆ. ದುಬಾರಿಯಾಗುವುದು ಅದಿರಿನಿಂದ ಲೋಹ ತೆಗೆಯುವಾಗ, ಮತ್ತೆ ಅದನ್ನು ಕೊರೆಯುವಾಗ. ಕೊರೆಯುವಾಗ ಹುಟ್ಟುವ ಬಿಸಿ ಲೋಹದೊಳಗೆ ಹರಡುವುದಿಲ್ಲ, ಟೂಲಿನ ತುದಿಯಲ್ಲೇ ನಿಲ್ಲುತ್ತದೆ. ಟೂಲ್ ಬೇಗ ಸವೆಯುತ್ತದೆ. ಈಗ ಚೀನಾದ ಯಾಂಗ್‌ಜಿಯಾಂಗ್ ಊರಿನ ಕಾರ್ಖಾನೆಗಳು ಇದನ್ನು ಚೆನ್ನಾಗಿ ಕಲಿತಿವೆ. ನಿಜವಾದ ಟೈಟಾನಿಯಂ ಹಿಡಿ ಮೊದಲಿಗಿಂತ ಕಡಿಮೆ ಬೆಲೆಗೆ ಸಿಗುವುದು ಅದರಿಂದಲೇ. ಹಾಗಾಗಿ ಕಡಿಮೆ ಬೆಲೆಯದ್ದೆಲ್ಲ ಕಳಪೆ ಅಂತ ನಾನು ಹೇಳುವುದಿಲ್ಲ. ಆದರೆ ಬೆಲೆ ಇಳಿಸಲು ಎಲ್ಲಿ ಕೈ ಬಿಗಿ ಹಿಡಿದಿದ್ದಾರೆ ಅಂತ ನೋಡಲೇಬೇಕು. ಸಾಮಾನ್ಯವಾಗಿ ಅಲಗಿನ ಉಕ್ಕಿನಲ್ಲಿ, ಇಲ್ಲವೇ ಬಿಚ್ಚಿದ ಅಲಗು ಮಡಚಿಕೊಳ್ಳದಂತೆ ಹಿಡಿಯುವ ಲಾಕ್‌ನಲ್ಲಿ.

ಉಕ್ಕಿನ ಹೆಸರು ಬರೆಯದ ಚಾಕು ತಗೋಬೇಡಿ. ಡಿ2 ಅಂತ ಇದ್ದರೆ ಹರಿತ ಬಹಳ ದಿನ ನಿಲ್ಲುತ್ತೆ, ಆದರೆ ಮಲೆನಾಡಿನ ಮಳೆಗೆ ಅದು ತುಕ್ಕು ಹಿಡಿಯುತ್ತೆ. ಅದರಲ್ಲಿ 12% ಕ್ರೋಮಿಯಂ ಇದ್ದರೂ ಒಂದಷ್ಟು ಪಾಲು ಇಂಗಾಲದ ಜೊತೆ ಸೇರಿಕೊಂಡಿರುತ್ತದೆ, ತುಕ್ಕು ತಡೆಯಲು ಸಾಕಾಗುವಷ್ಟು ಉಳಿಯುವುದಿಲ್ಲ. ನಿಮಗೆ ಸರಿಹೊಂದುವುದು 14ಸಿ28ಎನ್ ಅನ್ನುವ ಸ್ಟೇನ್‌ಲೆಸ್ ಉಕ್ಕು. ಬಾಳೆ ಸೊನೆ, ಬೆವರು, ಒದ್ದೆ ಜೇಬು ಎಲ್ಲವನ್ನೂ ತಡೆಯುತ್ತದೆ. ಮನೆಯಲ್ಲೇ ಸುಲಭವಾಗಿ ಸಾಣೆ ಹಿಡಿಯಬಹುದು.

ಲಾಕ್ ವಿಷಯಕ್ಕೆ ಬಂದರೆ ಟೈಟಾನಿಯಂ ನಿಜಕ್ಕೂ ಬೆಲೆ ಬಾಳುವುದು ಇಲ್ಲೇ. ಹಿಡಿಯ ಒಂದು ಭಾಗವನ್ನೇ ಸೀಳಿ ಒಳಕ್ಕೆ ಬಗ್ಗಿಸಿರುತ್ತಾರೆ. ಅಲಗು ಬಿಚ್ಚಿದ ಕೂಡಲೇ ಅದು ಟಕ್ ಅಂತ ಬಂದು ಅಲಗಿನ ಬುಡಕ್ಕೆ ಆತುಕೊಳ್ಳುತ್ತದೆ. ಇದನ್ನು ಫ್ರೇಮ್ ಲಾಕ್ ಅನ್ನುತ್ತಾರೆ. ಅಮೆರಿಕದ ಐಡಹೋದಲ್ಲಿ ನೆಲೆಸಿದ ದಕ್ಷಿಣ ಆಫ್ರಿಕಾದ ಕ್ರಿಸ್ ರೀವ್ ಇದನ್ನು ರೂಪಿಸಿದರು. ಅವರ 'ಸೆಬೆಂಜಾ' ಚಾಕುವಿನಿಂದ ಇದು ಹೆಸರಾಯಿತು. ಜುಲು ಭಾಷೆಯಲ್ಲಿ ಆ ಪದಕ್ಕೆ 'ಕೆಲಸ' ಅಂತ ಅರ್ಥ. ಟೈಟಾನಿಯಂ ಚೆನ್ನಾಗಿ ಬಾಗಿ ಮತ್ತೆ ತನ್ನ ಜಾಗಕ್ಕೆ ಬರುತ್ತದೆ, ಹಗುರವೂ ಹೌದು. ಆದ್ದರಿಂದ ಈ ಲಾಕ್‌ಗೆ ಅದು ಹೇಳಿ ಮಾಡಿಸಿದ ಹಾಗಿದೆ.

ಚಾಕು ಕೈಗೆ ಬಂದ ದಿನವೇ ಬಿಚ್ಚಿ, ಅಲಗಿನ ಬೆನ್ನು ಹಿಡಿದು ಅಲ್ಲಾಡಿಸಿ. ಎಡಬಲ ಸ್ವಲ್ಪ ಅಲ್ಲಾಡಿದರೆ ಬುಡದ ಸ್ಕ್ರೂ ಬಿಗಿ ಮಾಡಿದರೆ ಸರಿಹೋಗುತ್ತದೆ. ಮೇಲೆ ಕೆಳಗೆ ಅಲ್ಲಾಡಿದರೆ ಲಾಕ್ ಸರಿಯಿಲ್ಲ, ವಾಪಸ್ ಕಳಿಸಿ. ಅದು ಒಂದು ದಿನ ನಿಮ್ಮ ಬೆರಳ ಮೇಲೆ ಮಡಚಿಕೊಳ್ಳುತ್ತದೆ. ಮಡಚಿ ತಲೆಕೆಳಗಾಗಿ ಜೋರಾಗಿ ಕೊಡವಿ. ಆಗ ಅಲಗು ಹೊರಗೆ ಇಣುಕಲೂಬಾರದು.

ನಿಮ್ಮ ಜಾಗದಲ್ಲಿ ನಾನಿದ್ದರೆ 14ಸಿ28ಎನ್ ಅಲಗು, ನೈಲಾನ್ ಹಿಡಿ ಇರುವ ಚಾಕು ತಗೋತಿದ್ದೆ. ನೈಲಾನ್ ಟೈಟಾನಿಯಂಗಿಂತಲೂ ಹಗುರ. ತೋಟದಲ್ಲಿ ಬಿದ್ದು ಕಳೆದುಹೋದರೂ ಹೊಟ್ಟೆ ಉರಿಯುವುದಿಲ್ಲ. ಟೈಟಾನಿಯಂ ಆಸೆ ಇದ್ದರೆ ಖಂಡಿತ ತಗೊಳ್ಳಿ, ಆದರೆ ಅಲಗಿನ ಉಕ್ಕಿನಲ್ಲಿ ರಾಜಿ ಮಾಡಿಕೊಳ್ಳಬೇಡಿ.

ಪ್ರಶ್ನೆ: ತಮ್ಮ ದುಬೈನಿಂದ ಟೈಟಾನಿಯಂ ಚಾಕು ತಂದುಕೊಟ್ಟ. ಬಿಚ್ಚಿದರೆ ಲಾಕ್ ಕಚ್ಚಿಕೊಳ್ಳುತ್ತೆ. ಬಿಡಿಸಲು ಹೆಬ್ಬೆರಳು ನೋಯುವಷ್ಟು ಒತ್ತಬೇಕು. ಕೆಟ್ಟಿದೆಯಾ?

ಉತ್ತರ: ಕೆಟ್ಟಿಲ್ಲ. ಟೈಟಾನಿಯಂ ಉಕ್ಕಿಗೆ ಉಜ್ಜಿದಾಗ ಅಂಟಿಕೊಳ್ಳುವುದು ಅದರ ಗುಣ. ಇದನ್ನು ತಪ್ಪಿಸಲೆಂದೇ ಲಾಕ್ ತುದಿಗೆ ಸಣ್ಣ ಉಕ್ಕಿನ ತುಂಡು ಕೂರಿಸುತ್ತಾರೆ. ನಿಮ್ಮದರಲ್ಲಿ ಅದು ಇರಲಿಕ್ಕಿಲ್ಲ. ಲಾಕ್ ಆತುಕೊಳ್ಳುವ ಜಾಗವನ್ನು ಒರೆಸಿ, ಮಕ್ಕಳ ಪೆನ್ಸಿಲ್‌ನಿಂದ ಕಪ್ಪಾಗುವಷ್ಟು ಉಜ್ಜಿ. ಐವತ್ತು ಸಲ ನಿಧಾನವಾಗಿ ಬಿಚ್ಚಿ ಮಡಚಿ. ಅರ ಮಾತ್ರ ಹಾಕಬೇಡಿ, ಲಾಕ್ ಹಾಳಾಗುತ್ತೆ.

ಪ್ರಶ್ನೆ: ಇಂಥ ಚಾಕು ಜೇಬಿನಲ್ಲಿ ಇಟ್ಟುಕೊಂಡರೆ ಪೊಲೀಸರು ಹಿಡಿಯುತ್ತಾರಾ?

ಉತ್ತರ: 2016ರ ಶಸ್ತ್ರಾಸ್ತ್ರ ನಿಯಮಗಳು ಹೆಸರಿಸುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು. ಮನೆ, ಕೃಷಿ ಬಳಕೆಯವನ್ನು ಅದರಿಂದ ಹೊರಗಿಟ್ಟಿದೆ. 3 ಇಂಚಿನ ಆಸುಪಾಸಿನ ಜೇಬಿನ ಚಾಕು ಆ ಅಳತೆಗೆ ಬರುವುದಿಲ್ಲ. ಗುಂಡಿ ಒತ್ತಿದರೆ ಚಿಮ್ಮುವ ಚಾಕು ಮಾತ್ರ ಬೇಡ. ದೆಹಲಿಯಲ್ಲಿ ಅವುಗಳಿಗೆ ಬೇರೆಯೇ ಅಧಿಸೂಚನೆ ಇದೆ. ಜಾತ್ರೆ, ಮೆರವಣಿಗೆ, ಮೆಟ್ರೊಗೆ ಹೋಗುವಾಗ ಮನೆಯಲ್ಲೇ ಬಿಟ್ಟು ಹೋಗಿ. ವಿಮಾನದಲ್ಲಾದರೆ ಚೆಕ್-ಇನ್ ಬ್ಯಾಗಿನಲ್ಲಿ ಹಾಕಿ. ಕೈಚೀಲದಲ್ಲಿ ಉಳಿದರೆ ತಪಾಸಣೆಯಲ್ಲೇ ಬಿಟ್ಟು ಬರಬೇಕಾಗುತ್ತದೆ.