'ನೀಡ್‌ಫುಲ್ ಮೇ ಬಿ ಡನ್' ಎಂದರೆ ಯಾರು ಏನು ಮಾಡಬೇಕು?

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಅವರ ಒಪ್ಪಿಗೆ ಇದೆ.)

ನನ್ನ ಬಳಿ ಸಲಹೆಗೆ ಬಂದ ಯುವತಿಯೊಬ್ಬರು. ವಯಸ್ಸು 24. ಅಂಕೋಲಾ ಕಡೆಯ ಹಳ್ಳಿ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಆಮೇಲೆ ಬಿ.ಕಾಂ. ಈಗ ಕಾರವಾರದಲ್ಲಿ ಸರಕು ಸಾಗಣೆಯ ಕಚೇರಿಯೊಂದರಲ್ಲಿ ಕೆಲಸ, ಹೆಡ್ ಆಫೀಸ್ ಮುಂಬೈಯಲ್ಲಿ. ರಾತ್ರಿ ನಿದ್ದೆ ಇಲ್ಲ, ಭಾನುವಾರ ಸಂಜೆಯಾದರೆ ಹೊಟ್ಟೆ ತೊಳಸುತ್ತದೆ ಎಂದು ಬಂದರು. ಜೊತೆಗೆ ಬಂದ ಅಪ್ಪ ರೋಗವನ್ನೂ ಹೇಳಿದರು, ಮದ್ದನ್ನೂ ಹೇಳಿದರು: "ಮೇಡಂ, ಇವ್ಳಿಗೆ ಇಂಗ್ಲಿಷ್ ಅಂದ್ರೆ ಹೆದರಿಕೆ. ಒಂದು ಸ್ಪೋಕನ್ ಕ್ಲಾಸಿಗೆ ಹಾಕಿದ್ರೆ ಸರಿ ಆಗ್ತದಾ?"

ಅಪ್ಪನನ್ನು ಹೊರಗೆ ಕೂರಿಸಿ, ಹೆದರಿಕೆ ಹುಟ್ಟಿಸಿದ ಮೇಲ್ ಯಾವುದು ಎಂದು ಕೇಳಿದೆ. ಫೋನ್ ತೆಗೆದು ತೋರಿಸಿದರು. ಮಳೆಗಾಲದಲ್ಲಿ ಬರೆದದ್ದು:

"ವಿತ್ ರೆಫರೆನ್ಸ್ ಟು ದಿ ಅಬೌವ್ ಸಬ್ಜೆಕ್ಟ್, ಐ ವುಡ್ ಲೈಕ್ ಟು ಇನ್‌ಫಾರ್ಮ್ ಯು ದಟ್ ಡ್ಯೂ ಟು ಹೆವಿ ರೇನ್ ಇನ್ ಅರಬೈಲ್ ಘಾಟ್ ದಿ ಲಾರಿ ವಿಚ್ ವಾಸ್ ಸೆಂಟ್ ಫ್ರಮ್ ಹುಬ್ಬಳ್ಳಿ ವಾಸ್ ಸ್ಟಾಪ್ಡ್ ಆಂಡ್ ಸೇಮ್ ವಾಸ್ ಇನ್‌ಫಾರ್ಮ್ಡ್ ಬೈ ಡ್ರೈವರ್ ಹೆನ್ಸ್ ನೀಡ್‌ಫುಲ್ ಮೇ ಕೈಂಡ್ಲಿ ಬಿ ಡನ್ ಅಟ್ ದಿ ಅರ್ಲಿಯೆಸ್ಟ್."

ಮುಂಬೈಯ ಸಾಹೇಬರು ಎಲ್ಲರಿಗೂ ಕಾಪಿ ಹಾಕಿ ಎರಡೇ ಪದದ ಉತ್ತರ ಕಳಿಸಿದ್ದರು: "ಡು ವಾಟ್?"

ಅವತ್ತಿನಿಂದ ನಾಲ್ಕು ಸಾಲಿನ ಮೇಲ್ ಬರೆಯಲಿಕ್ಕೂ ಗಂಟೆಗಟ್ಟಲೆ ಬೇಕಾಗಿದೆ. ಕಳಿಸಿದ್ದನ್ನು ರಾತ್ರಿ ಮತ್ತೆ ಮತ್ತೆ ತೆರೆದು ತಪ್ಪು ಹುಡುಕುತ್ತಾರೆ.

ಸಾಹೇಬರ ಉತ್ತರ ಒರಟು, ಸರಿ. ಆದರೆ ಪ್ರಶ್ನೆ ನ್ಯಾಯದ್ದೇ ಅಲ್ವಾ? ಆ 44 ಪದಗಳಲ್ಲಿ ಲಾರಿ ಯಾವಾಗ ಬರುತ್ತದೆ ಎಂದಿಲ್ಲ. ಮುಂಬೈಯವರು ಏನು ಮಾಡಬೇಕು ಎಂದೂ ಇಲ್ಲ. ನಾನು ಕೇಳಿದೆ: "ನಿಮಗೆ ಅವತ್ತು ಬೇಕಾಗಿದ್ದದ್ದು ಏನು? ಕನ್ನಡದಲ್ಲೇ ಹೇಳಿ." ಉಸಿರೂ ಎಳೆಯದೆ ಹೇಳಿದರು: "ಘಾಟಿಯಲ್ಲಿ ಮಳೆಗೆ ಲಾರಿ ಸಿಕ್ಕಿಬಿದ್ದದೆ. ನಾಳೆ ಹತ್ತು ಗಂಟೆ ಒಳಗೆ ಬರ್ತದೆ. ಇಳಿಸೋ ಟೈಮ್ ನಾಳೆಗೆ ಹಾಕಿ."

ತಲೆಯಲ್ಲಿ ಇಷ್ಟು ಸ್ಪಷ್ಟವಾಗಿದ್ದದ್ದು ಮೇಲ್‌ನಲ್ಲಿ ಎಲ್ಲಿ ಹೋಯಿತು? ಬರೆಯುವಾಗ ಎದುರಿಗೆ ಯಾರು ಕಾಣುತ್ತಾರೆ ಎಂದು ಕೇಳಿದೆ. ಸುಮಾರು ಹೊತ್ತು ಸುಮ್ಮನಿದ್ದರು. ಸಾಹೇಬರಲ್ಲವಂತೆ. ಒಂಬತ್ತನೇ ಕ್ಲಾಸಿನಲ್ಲಿ ಇವರ ಉತ್ತರ ಪತ್ರಿಕೆಯನ್ನು ಇಡೀ ತರಗತಿಗೆ ಓದಿ ನಗಿಸಿದ ಮಾಸ್ತರು.

ನನ್ನ ಮಟ್ಟಿಗೆ ಪ್ರಕರಣದ ತಿರುಳು ಇದು. ಅವರು ತಿಳಿಸುವುದಕ್ಕಲ್ಲ, ಸಿಕ್ಕಿಬೀಳದೆ ಇರುವುದಕ್ಕೆ ಬರೆಯುತ್ತಿದ್ದರು. 'ವಿತ್ ರೆಫರೆನ್ಸ್ ಟು', 'ಕೈಂಡ್ಲಿ', 'ಸೇಮ್' ಎಲ್ಲ ಬೇರೆಯವರ ಪತ್ರದಿಂದ ಎತ್ತಿಕೊಂಡ ಮಾತು, ಹಾಗಾಗಿ ತಪ್ಪಾಗುವ ಭಯವಿಲ್ಲ. 'ಮೇ ಬಿ ಡನ್' ಎಂದರೆ ಯಾರಿಗೂ ಏನೂ ಹೇಳಿದ ಹಾಗಾಗಲಿಲ್ಲ. ನಮ್ಮಲ್ಲಿ ಬಹಳ ಜನ ಮೊದಲು ಕಲಿತ ಇಂಗ್ಲಿಷ್ ಬರವಣಿಗೆಯೇ ಜ್ವರದ ರಜೆ ಚೀಟಿ. ಅದನ್ನೂ ಬಾಯಿಪಾಠ ಮಾಡಿದ್ದು.

ವ್ಯಾಕರಣದ ಮಾತೂ ಸ್ವಲ್ಪ ಬೇಕಾಯಿತು. ಕನ್ನಡದಲ್ಲಿ ಹೋಗಿ, ಬಂದು, ಕೇಳಿ, ನೋಡಿ ಎಂದು ಪೋಣಿಸಿ ಕೊನೆಗೊಂದು ಕ್ರಿಯಾಪದ ಇಟ್ಟರೆ ವಾಕ್ಯ ನಿಲ್ಲುತ್ತದೆ. ಕೇಳುವವರು ಕೊನೆಯವರೆಗೆ ಕಾಯುತ್ತಾರೆ, ನಮಗೆ ಅಭ್ಯಾಸ. ಇಂಗ್ಲಿಷ್ ಓದುವವರು ಹಾಗೆ ಕಾಯುವುದಿಲ್ಲ. ಯಾರು ಎಂಬುದು ಮೊದಲು, ಏನು ಮಾಡಿದರು ಎಂಬುದು ಅದರ ಬೆನ್ನಿಗೇ, ಉಳಿದದ್ದು ಆಮೇಲೆ. ಆ ಮೇಲ್‌ನಲ್ಲಿ ಲಾರಿ ಬರುವುದೇ 21ನೇ ಪದವಾದ ಮೇಲೆ, ಅದು ನಿಂತದ್ದು ಇನ್ನೂ ಆಚೆ. ಕನ್ನಡದಲ್ಲಿ ಯೋಚಿಸುವುದನ್ನು ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಕನ್ನಡದಲ್ಲೇ ಯೋಚಿಸಿ, ಆದರೆ ಚೂರು ಚೂರು ಮಾಡಿ.

ಹಾಗೆ ಕೂತು ಬರೆದದ್ದು ಹೀಗಾಯಿತು: "ಅವರ್ ಲಾರಿ ಈಸ್ ಸ್ಟಕ್ ಅಟ್ ಅರಬೈಲ್ ಘಾಟ್ ಬಿಕಾಸ್ ಆಫ್ ರೇನ್. ಇಟ್ ವಿಲ್ ರೀಚ್ ಕಾರವಾರ ಬೈ 10 ಎ.ಎಂ. ಟುಮಾರೋ. ಪ್ಲೀಸ್ ಚೇಂಜ್ ದಿ ಅನ್‌ಲೋಡಿಂಗ್ ಸ್ಲಾಟ್ ಟು ಟುಮಾರೋ." ಒಟ್ಟು 25 ಪದ. ಬ್ರಿಟನ್ ಸರ್ಕಾರದ ಗವ್.ಯುಕೆ ಜಾಲತಾಣಕ್ಕೆ ಬರೆಯುವವರಿಗೆ ಒಂದು ಸೂಚನೆ ಇದೆ: ಒಂದು ವಾಕ್ಯ 25 ಪದ ದಾಟಿದರೆ ಒಡೆಯಲು ಆಗುತ್ತದೆಯೇ ನೋಡಿ. ಇಲ್ಲಿ ಇಡೀ ಮೇಲ್ ಅಷ್ಟರಲ್ಲೇ ಮುಗಿದಿದೆ.

ಅವರಿಗೆ ಸಮಾಧಾನ ಆಗಲಿಲ್ಲ. "ಇಷ್ಟು ಗಿಡ್ಡ ಬರೆದ್ರೆ ಸೊಕ್ಕು ಅಂದ್ಕೊಳ್ಳೋದಿಲ್ವಾ ಮೇಡಂ?" ನಾನು ಹೇಳಿದೆ, ಮೇಲೆ 'ಡಿಯರ್ ಸರ್' ಇರಲಿ, ಕೇಳುವ ಕಡೆ ಒಂದು 'ಪ್ಲೀಸ್' ಇರಲಿ. ಮರ್ಯಾದೆಗೆ ಅಷ್ಟು ಸಾಕು. ಕೆಲಸದ ಮಧ್ಯೆ ಓದುವವರ ಟೈಮ್ ಉಳಿಸುವುದೂ ಮರ್ಯಾದೆಯೇ.

ಕೊಟ್ಟ ಸಲಹೆ ಜಾಸ್ತಿ ಏನಿಲ್ಲ. ಮೇಲ್ ತೆರೆಯುವ ಮೊದಲು ಚೀಟಿಯಲ್ಲಿ ಕನ್ನಡದಲ್ಲಿ ಬರೆಯಬೇಕು: ಏನಾಗಿದೆ, ಯಾರು, ಏನು, ಯಾವಾಗ ಮಾಡಬೇಕು. ಒಂದೊಂದಕ್ಕೆ ಒಂದೊಂದು ಇಂಗ್ಲಿಷ್ ವಾಕ್ಯ. 'ಮೇ ಬಿ ಡನ್' ತರಹದ್ದು ಬಂದರೆ 'ಯಾರಿಂದ?' ಎಂದು ಕೇಳಿಕೊಳ್ಳಬೇಕು. ಹಾಗಂತ ಮಾಡಿದವರನ್ನು ಹೇಳದ ಇಂಥ ವಾಕ್ಯ ಎಲ್ಲ ಕಡೆ ತಪ್ಪಲ್ಲ. 'ದಿ ರೋಡ್ ವಾಸ್ ಕ್ಲೋಸ್ಡ್ ಅಟ್ 6 ಪಿ.ಎಂ.' ಎಂದರೆ ಸಾಕು, ಮುಚ್ಚಿದವರು ಯಾರೆಂದು ಮುಂಬೈಗೆ ಬೇಕಿಲ್ಲ. ಕಳಿಸುವ ಮೊದಲು ಒಮ್ಮೆ ಗಟ್ಟಿಯಾಗಿ ಓದುವುದು. ಓದುತ್ತಾ ಉಸಿರು ಸಾಲದಿದ್ದರೆ ಅಲ್ಲಿ ಫುಲ್ ಸ್ಟಾಪ್. 'ಎ', 'ದಿ' ತಪ್ಪಿದರೆ ತಪ್ಪಲಿ. ಕನ್ನಡದಲ್ಲಿ ಆ ಗೊಡವೆಯೇ ಇಲ್ಲ, ಅದು ಬರುವುದು ನಿಧಾನ. ಲಾರಿ ಅದರಿಂದ ನಿಲ್ಲುವುದಿಲ್ಲ. ಮತ್ತೆ, ಕಳಿಸಿದ ಮೇಲ್ ಅನ್ನು ರಾತ್ರಿ ತೆರೆಯುವ ಹಾಗಿಲ್ಲ. ಇದನ್ನು ಪಾಲಿಸುವುದೇ ಅವರಿಗೆ ಕಷ್ಟವಾಯಿತು. ಮಾಸ್ತರ ವಿಷಯ ಬೇರೆಯಾಗಿ ಮಾತಾಡಿದೆವು, ಅದನ್ನು ಇಲ್ಲಿ ಬರೆಯುವುದಿಲ್ಲ.

ಸ್ಪೋಕನ್ ಕ್ಲಾಸ್ ಸದ್ಯಕ್ಕೆ ಬೇಡ ಎಂದು ಅಪ್ಪನಿಗೆ ಹೇಳಿದೆ. ಅವರಿಗೆ ಅಷ್ಟು ಹಿಡಿಸಲಿಲ್ಲ.

ನಿದ್ದೆ ಈಗ ವಾಸಿ. ಮೇಲ್ ಬೇಗ ಮುಗಿಯುತ್ತದೆ. ಮುಂಬೈಯಿಂದ ಯಾರಾದರೂ ಸಿಟ್ಟಿನಲ್ಲಿ ಬರೆದರೆ ಮಾತ್ರ 'ಕೈಂಡ್ಲಿ' ಗುಂಪುಗುಂಪಾಗಿ ವಾಪಸ್ ಬರುತ್ತದೆ.

ಕಳೆದ ಸಲ ಸಂಬಳ ಹೆಚ್ಚಿಸಲು ಕೇಳುವ ಪತ್ರ ತಂದಿದ್ದರು. 'ಇನ್‌ಕ್ರಿಮೆಂಟ್ ಮೇ ಬಿ ಕನ್ಸಿಡರ್ಡ್' ಎಂದಿದ್ದದ್ದನ್ನು ನಾನು ಹೇಳುವ ಮೊದಲೇ ಹೊಡೆದು, 'ಪ್ಲೀಸ್ ಇನ್‌ಕ್ರೀಸ್ ಮೈ ಸ್ಯಾಲರಿ ಫ್ರಮ್ ಏಪ್ರಿಲ್' ಎಂದು ಬರೆದರು. "ಎಷ್ಟು ಅಂತ ಬರೀಲಿಲ್ವಲ್ಲ?" ಎಂದೆ. ಮನೆಯಲ್ಲಿ ಯೋಚನೆ ಮಾಡಿ ಬರುತ್ತೇನೆ ಎಂದಿದ್ದಾರೆ.