ಸಭಾಂಗಣದ ಕಾರ್ಯಕ್ರಮವನ್ನು ನೇರಪ್ರಸಾರ ಮಾಡುವುದರಿಂದ ನಿಜಕ್ಕೂ ಪ್ರಯೋಜನವಿದೆಯೇ?

ಇನ್ನೂರು ಆಸನಗಳ ಸಭಾಂಗಣದಲ್ಲಿ ಎರಡು ದಿನಗಳ ವಿಚಾರ ಸಂಕಿರಣ ನಡೆಸಲು ಹೊರಟಿದ್ದೀರಿ. ಅದನ್ನು ಇಂಟರ್ನೆಟ್‌ನಲ್ಲಿ ನೇರಪ್ರಸಾರ ಮಾಡಿದರೆ ಜನ ಮನೆಯಲ್ಲೇ ಕುಳಿತುಬಿಡುತ್ತಾರೆ ಎಂದು ನಿಮ್ಮ ಸಮಿತಿಯ ಅರ್ಧದಷ್ಟು ಮಂದಿ ಅಂಜುತ್ತಿದ್ದಾರೆ. ಖರ್ಚಿಗೂ ಶ್ರಮಕ್ಕೂ ತಕ್ಕ ಪ್ರಯೋಜನ ಇದರಲ್ಲಿ ಇದೆಯೇ ಎಂದು ಕೇಳಿದ್ದೀರಿ. ಹಲವು ವರ್ಷಗಳಿಂದ ಉಪನ್ಯಾಸ, ಸಂಗೀತ ಕಛೇರಿ, ಘಟಿಕೋತ್ಸವಗಳಲ್ಲಿ ಕ್ಯಾಮೆರಾ ಮತ್ತು ಧ್ವನಿಯ ಹೊಣೆ ಹೊತ್ತವನಾಗಿ ನಾನು ಖಂಡಿತ ಇದೆ ಎನ್ನುತ್ತೇನೆ. ಆದರೆ ವೀಕ್ಷಕರು ಎಷ್ಟು ಮಂದಿ ಎಂದು ಎಣಿಸುವ ಮೊದಲು ಅವರು ಯಾರು ಎಂದು ನೋಡಬೇಕು.

ನೇರಪ್ರಸಾರವನ್ನು ನೋಡುವವರಲ್ಲಿ ಹೆಚ್ಚಿನವರು, ನಾನು ಕಂಡಂತೆ, ಸಭಾಂಗಣಕ್ಕೆ ಹೇಗೂ ಬರಲಾಗದವರು: ಎಳೆಗೂಸಿನ ತಾಯಂದಿರು, ಬೇರೆ ದೇಶದಲ್ಲಿರುವವರು, ರಜೆ ಸಿಗದವರು, ಮೆಟ್ಟಿಲು ಹತ್ತಲಾರದವರು. ಒಂದು ಉಪನ್ಯಾಸದ ನಡುವೆ, ಚಾಟ್ ನೋಡಿಕೊಳ್ಳುತ್ತಿದ್ದ ಸ್ವಯಂಸೇವಕಿಯೊಬ್ಬಳು ವೇದಿಕೆಗೆ ಒಂದು ಚೀಟಿ ಕಳುಹಿಸಿದಳು. ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯಾಗಿ ತಿಂಗಳುಗಟ್ಟಲೆ ಹಾಸಿಗೆಯಲ್ಲಿದ್ದ ನಿವೃತ್ತ ಶಿಕ್ಷಕರೊಬ್ಬರ ಪ್ರಶ್ನೆ ಅದರಲ್ಲಿತ್ತು. ಉಪನ್ಯಾಸಕರು ಅದನ್ನು ಎರಡು ಸಲ ಓದಿಕೊಂಡು, ಕ್ಯಾಮೆರಾದತ್ತ ತಿರುಗಿ, "ಮೇಷ್ಟ್ರೇ, ಇದಕ್ಕೆ ನನ್ನ ಟಿಪ್ಪಣಿಯಲ್ಲಿ ಉತ್ತರವಿಲ್ಲ, ಯೋಚಿಸಿಯೇ ಹೇಳಬೇಕು" ಎಂದರು. ಉಳಿದ ಅರ್ಧ ಗಂಟೆಯ ಚರ್ಚೆಯೆಲ್ಲ ಆ ಪ್ರಶ್ನೆಯ ಸುತ್ತಲೇ ನಡೆಯಿತು. ಪರದೆಯ ಮೂಲೆಯಲ್ಲಿ ಆಗ ಕಾಣುತ್ತಿದ್ದ ವೀಕ್ಷಕರ ಸಂಖ್ಯೆ 31. ಅಂದು ಲಾಭವಾದದ್ದು ಹಾಸಿಗೆಯಲ್ಲಿದ್ದವರಿಗಿಂತ ಎದುರಿಗೆ ಕುಳಿತಿದ್ದ ನಮಗೇ ಹೆಚ್ಚು ಎಂದು ನಾನು ಈಗಲೂ ನಂಬಿದ್ದೇನೆ.

ಕುರ್ಚಿಗಳು ಖಾಲಿ ಉಳಿಯುವ ಭಯ ಹೊಸದೇನಲ್ಲ. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಒಪೆರಾ 2006ರ ಡಿಸೆಂಬರ್‌ನಲ್ಲಿ ತನ್ನ ವೇದಿಕೆಯ ಪ್ರದರ್ಶನಗಳನ್ನು ಚಿತ್ರಮಂದಿರಗಳಿಗೆ ನೇರವಾಗಿ ಕಳುಹಿಸಲು ಆರಂಭಿಸಿತು. ಲಂಡನ್‌ನ ನ್ಯಾಷನಲ್ ಥಿಯೇಟರ್ 2009ರ ಜೂನ್‌ನಲ್ಲಿ ಅದೇ ದಾರಿ ಹಿಡಿಯಿತು. ಪ್ರೇಕ್ಷಕರ ಟಿಕೆಟ್ಟನ್ನೂ ನೆಚ್ಚಿಕೊಂಡಿರುವ ಈ ಎರಡು ಸಂಸ್ಥೆಗಳೂ ಆ ಪದ್ಧತಿಯನ್ನು ಕೈಬಿಟ್ಟಿಲ್ಲ. ನಿಮ್ಮಂಥ ಸಂಕಿರಣಕ್ಕೆ ಜನ ಬರುವುದು ಭಾಷಣ ಕೇಳುವುದಕ್ಕಷ್ಟೇ ಅಲ್ಲ; ವಿರಾಮದಲ್ಲಿ ಪರಸ್ಪರ ಭೇಟಿಯಾಗಿ, ನಿಂತಲ್ಲೇ ವಾದಿಸಿ, ಪರಿಚಯ ಬೆಳೆಸಿಕೊಳ್ಳಲು ಕೂಡ ಬರುತ್ತಾರೆ, ಮತ್ತು ಅದನ್ನು ಯಾವ ಕ್ಯಾಮೆರಾವೂ ಮನೆಗೆ ತಲುಪಿಸಲಾರದು. ಆದರೂ ಸಮಿತಿಯವರ ಅಂಜಿಕೆ ಹೋಗದಿದ್ದರೆ, ಮುಖ್ಯ ಭಾಷಣಗಳನ್ನು ಮಾತ್ರ ಪ್ರಸಾರ ಮಾಡಿ, ಸಣ್ಣ ಗುಂಪುಗಳ ಚರ್ಚೆಯನ್ನು ಬಂದವರಿಗಾಗಿಯೇ ಇಟ್ಟುಕೊಳ್ಳಬಹುದು.

ನೇರಪ್ರಸಾರದ ರೆಕಾರ್ಡಿಂಗ್ ಕಾರ್ಯಕ್ರಮ ಮುಗಿದ ಮೇಲೂ ನಿಮ್ಮ ಕೈಯಲ್ಲಿ ಉಳಿಯುತ್ತದೆ. ಮುಂದಿನ ವರ್ಷ ಉಪನ್ಯಾಸಕರನ್ನು ಆಹ್ವಾನಿಸುವಾಗ ಉದ್ದನೆಯ ಪತ್ರಕ್ಕಿಂತ ಅದರ ಲಿಂಕ್ ಹೆಚ್ಚು ಕೆಲಸ ಮಾಡುತ್ತದೆ. ಪರದೆಯ ಕೆಳಗೆ ಮಾತು ಅಕ್ಷರವಾಗಿ ಮೂಡುವಂತೆ ಮಾಡಿದರೆ ಕಿವಿ ಕೇಳಿಸದವರೂ ಜೊತೆಗೂಡುತ್ತಾರೆ; ವೆಬ್ ಎಲ್ಲರಿಗೂ ಎಟುಕಬೇಕೆಂದು ರೂಪಿಸಲಾದ ಡಬ್ಲ್ಯುಸಿಎಜಿ ಮಾರ್ಗಸೂಚಿ ತನ್ನ ಮೂರು ಮಟ್ಟಗಳಲ್ಲಿ ನಡುವಿನದಾದ ಎಎ ಮಟ್ಟದಲ್ಲಿ ನೇರಪ್ರಸಾರಕ್ಕೂ ಇದನ್ನು ಕೇಳುತ್ತದೆ. ಸ್ವಯಂಚಾಲಿತ ಅಕ್ಷರಗಳು ಹೆಸರುಗಳಲ್ಲಿ ಬಹಳ ತಪ್ಪುತ್ತವೆಯಾದ್ದರಿಂದ, ರೆಕಾರ್ಡಿಂಗನ್ನು ಶಾಶ್ವತವಾಗಿ ಇಡುವ ಮೊದಲು ಯಾರಾದರೂ ಕುಳಿತು ತಿದ್ದಲೇಬೇಕು.

ಆದರೆ ಧ್ವನಿ ಕೆಟ್ಟರೆ ಇದರಲ್ಲಿ ಒಂದು ಪ್ರಯೋಜನವೂ ಉಳಿಯುವುದಿಲ್ಲ. ಚಿತ್ರ ಮಸುಕಾದರೆ ಜನ ಸಹಿಸಿಕೊಳ್ಳುತ್ತಾರೆ, ಮಾತು ಕೇಳಿಸದಿದ್ದರೆ ಎರಡು ನಿಮಿಷದಲ್ಲಿ ಹೊರಟುಹೋಗುತ್ತಾರೆ. ಕ್ಯಾಮೆರಾದ ಸ್ವಂತ ಮೈಕನ್ನು ನಂಬಬೇಡಿ. ಅದಕ್ಕೆ ವೇದಿಕೆಯ ಮಾತಿಗಿಂತ ಫ್ಯಾನಿನ ಸದ್ದು ಮತ್ತು ಪಕ್ಕದವರ ಕೆಮ್ಮು ಚೆನ್ನಾಗಿ ಕೇಳಿಸುತ್ತದೆ. ಸಭಾಂಗಣದ ಸೌಂಡ್ ಮಿಕ್ಸರ್‌ನಿಂದಲೇ ಒಂದು ತಂತಿಯನ್ನು ಪ್ರಸಾರದ ಕಂಪ್ಯೂಟರಿಗೆ ಎಳೆಸಿ, ಅಲ್ಲೇ ಒಬ್ಬರು ಹೆಡ್‌ಫೋನ್ ಹಾಕಿಕೊಂಡು ಕೊನೆಯವರೆಗೂ ಕೇಳುತ್ತಿರಲಿ.

ಇಂಟರ್ನೆಟ್ ವಿಷಯದಲ್ಲಿ ಡೌನ್‌ಲೋಡ್ ವೇಗ ನೋಡಿ ಸಮಾಧಾನಪಟ್ಟುಕೊಳ್ಳಬೇಡಿ, ಇಲ್ಲಿ ಬೇಕಾದದ್ದು ಅಪ್‌ಲೋಡ್ ವೇಗ. ಸೆಕೆಂಡಿಗೆ 6 ಮೆಗಾಬಿಟ್‌ನಂತೆ ಚಿತ್ರ ಕಳುಹಿಸಿದರೆ ಗಂಟೆಗೆ ಸುಮಾರು 2.7 ಗಿಗಾಬೈಟ್ ಹೋಗುತ್ತದೆ, ಮತ್ತು ಸಂಪರ್ಕಕ್ಕೆ ಆ 6 ಮೆಗಾಬಿಟ್‌ನ ಎರಡರಷ್ಟು ಅಪ್‌ಲೋಡ್ ವೇಗವಾದರೂ ಇರಬೇಕು. ಪ್ರೇಕ್ಷಕರೆಲ್ಲ ಬಳಸುವ ವೈಫೈ ಬಿಟ್ಟು ಪ್ರತ್ಯೇಕ ಕೇಬಲ್ ಕೇಳಿ ಪಡೆಯಿರಿ. ವೇದಿಕೆಯವರಿಗೆ ಕ್ಯಾಮೆರಾ ಇರುವುದನ್ನು ಮೊದಲೇ ತಿಳಿಸಿ ಒಪ್ಪಿಗೆ ಪಡೆಯುವುದಂತೂ ಕಡ್ಡಾಯ.

ಚಿತ್ರವನ್ನು ಕೆಲವು ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ ಕಳುಹಿಸುವ ಕಾರಣ ಮನೆಯಲ್ಲಿರುವವರು ನಿಮಗಿಂತ ಸಾಮಾನ್ಯವಾಗಿ 10ರಿಂದ 30 ಸೆಕೆಂಡು ಹಿಂದೆ ಇರುತ್ತಾರೆ. ಅದನ್ನು ಮರೆತ ನಿರೂಪಕರು "ಆನ್‌ಲೈನ್‌ನಲ್ಲಿ ಪ್ರಶ್ನೆಗಳಿವೆಯೇ?" ಎಂದು ಕೇಳಿ, ಪ್ರಶ್ನೆ ಬರುವ ಮೊದಲೇ ವಂದನಾರ್ಪಣೆಗೆ ಕರೆಯುವುದನ್ನು ಅನೇಕ ಬಾರಿ ನೋಡಿ ಸಂಕಟಪಟ್ಟಿದ್ದೇನೆ. ಆದ್ದರಿಂದ ಮೊದಲು ಸಭಾಂಗಣದ ಒಂದು ಪ್ರಶ್ನೆಯನ್ನು ತೆಗೆದುಕೊಂಡು, ಅದಕ್ಕೆ ಉತ್ತರ ಮುಗಿಯುವಷ್ಟರಲ್ಲಿ ಚಾಟ್‌ನಲ್ಲಿ ಬಂದ ಪ್ರಶ್ನೆಗಳನ್ನು ಓದಲು ಹೇಳಿ, ಮತ್ತು ಸಭೆಯಲ್ಲಿ ಎದ್ದು ನಿಂತವರ ಕೈಗೂ ತಪ್ಪದೆ ಮೈಕ್ ಕೊಡಿಸಿ.